ಬಿಟ್ಟ ಯೋಗ ಮತ್ತೆ ಶುರು ಮಾಡುವಾಗ: ಮೊಣಕಾಲು, ಸೊಂಟ ಜಾಗ್ರತೆ

2020ರ ಲಾಕ್‌ಡೌನ್ ಹೊತ್ತಿಗೆ ನಮ್ಮ ಎಷ್ಟೋ ಮನೆಗಳಿಗೆ ಯೋಗದ ಚಾಪೆ ಬಂತು. ಹೊರಗೆ ಹೋಗುವ ಹಾಗಿಲ್ಲ, ಮನೆಯೊಳಗೆ ಕೂತು ಮೈ ಭಾರ. ಮೊಬೈಲ್ ನೋಡಿಕೊಂಡು ಕೆಲವರು ಆಸನ ಮಾಡಿದರು, ಅಭ್ಯಾಸವೂ ಆಯ್ತು. ಆಮೇಲೆ ಅಂಗಡಿ ತೆರೆಯಿತು, ಮಕ್ಕಳ ಶಾಲೆ ಶುರುವಾಯ್ತು, ಗಲ್ಫ್‌ನವರು ಗಲ್ಫ್‌ಗೆ ಹೋದರು. ಚಾಪೆ ಸುತ್ತಿ ಕಪಾಟಿನ ಮೇಲೆ ಹೋಯಿತು.

ಈಗ ಅದೇ ಜನ ಮತ್ತೆ ಶುರು ಮಾಡಬೇಕು ಅಂತಿದ್ದಾರೆ. ಶುಗರ್ ಬಂದಿದೆ, ಡಾಕ್ಟರು ವ್ಯಾಯಾಮ ಮಾಡಿ ಅಂದಿದ್ದಾರೆ. ಬಾಣಂತನ ಮುಗಿದಿದೆ. ಡ್ರೈವಿಂಗ್ ಕೆಲಸ ಬಿಟ್ಟು ಊರಿಗೆ ಬಂದ ಉಪ್ಪನಿಗೆ ಸೊಂಟ ಹಿಡಿದಿದೆ. ಒಳ್ಳೆಯ ಆಲೋಚನೆಯೇ. ಆದರೆ ಒಂದು ವಿಷಯ ನಾವು ಮೊದಲೇ ಹೇಳಬೇಕು. ಹೊಸದಾಗಿ ಕಲಿಯುವವನು ಹೆದರಿ ಹೆದರಿ ಮಾಡುತ್ತಾನೆ, ಬಿಟ್ಟು ಬಂದವನಿಗೆ ಆ ಹೆದರಿಕೆ ಇಲ್ಲ. ಮೈಯ ಬಲ ಇಳಿದಿರುತ್ತದೆ, ಮನಸ್ಸಿನ ನೆನಪು ಮಾತ್ರ ಹಾಗೇ ಇರುತ್ತದೆ. "ನನಗೆ ಆಗ ಕಾಲಿನ ಬೆರಳು ಮುಟ್ಟುತ್ತಿತ್ತು" ಅಂತ ಮೊದಲ ದಿನವೇ ಬಗ್ಗಿ ಎಳೆಯುತ್ತಾರೆ. ಮೂರನೇ ದಿನ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟು ಮಲಗುತ್ತಾರೆ. ನಂತರ "ಯೋಗ ನಮಗೆ ಆಗುವುದಿಲ್ಲ" ಅಂತ ಖಾಯಂ ಬಿಟ್ಟುಬಿಡುತ್ತಾರೆ.

ಹಾಗಾಗಿ ಈ ಲೇಖನದ ಮಾತು ಒಂದೇ: ಬಿಟ್ಟಲ್ಲಿಂದ ಶುರು ಮಾಡಬೇಡಿ, ಇವತ್ತಿನ ಮೈ ಎಲ್ಲಿದೆಯೋ ಅಲ್ಲಿಂದ ಶುರು ಮಾಡಿ.

ಯಾಕೆ ಹೀಗಾಗುತ್ತದೆ?

ಕೆಲವು ವಾರ ವ್ಯಾಯಾಮ ನಿಂತರೆ ಸಾಕು, ಸ್ನಾಯುವಿನ ಬಲ ಇಳಿಯಲು ಶುರು. ವರ್ಷಗಟ್ಟಲೆ ನಿಂತರೆ ಕೇಳುವುದೇ ಬೇಡ. ಮತ್ತೆ ಮಾಡಿದರೆ ಸ್ನಾಯು ಬೇಗ ಚೇತರಿಸಿಕೊಳ್ಳುತ್ತದೆ. ಆದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಟೆಂಡನ್ ಎಂಬ ನಾರು ಉಂಟಲ್ಲ, ಅದಕ್ಕೆ ರಕ್ತ ಸಂಚಾರ ಕಡಿಮೆ, ಗಟ್ಟಿಯಾಗಲು ತುಂಬ ಸಮಯ ಬೇಕು. ಎರಡು ವಾರದಲ್ಲಿ "ಈಗ ಬಲ ಬಂತು" ಅಂತ ನಮಗೆ ಅನಿಸುವಾಗ ನಾರು ಇನ್ನೂ ತಯಾರಾಗಿರುವುದಿಲ್ಲ. ಆಗಲೇ ಹೆಚ್ಚಿನವರು ಜಾಸ್ತಿ ಮಾಡುವುದು, ಆಗಲೇ ಪೆಟ್ಟಾಗುವುದು.

ಇನ್ನೊಂದು, ಅಲೈನ್‌ಮೆಂಟ್. ಈ ಶಬ್ದ ನಮ್ಮ ಚಾಲಕರಿಗೆ ಚೆನ್ನಾಗಿ ಗೊತ್ತು. ಕಾರಿನ ವೀಲ್ ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಓಡುತ್ತದೆ, ಆದರೆ ಟಯರು ಒಂದೇ ಬದಿ ಸವೆಯುತ್ತದೆ. ಮೈಯೂ ಹಾಗೆಯೇ. ಪಾದ, ಮೊಣಕಾಲು, ಸೊಂಟ, ಭುಜ ಒಂದಕ್ಕೊಂದು ನೇರ ಇದ್ದರೆ ಭಾರವನ್ನು ಎಲುಬು ಮತ್ತು ದೊಡ್ಡ ಸ್ನಾಯುಗಳು ಹೊರುತ್ತವೆ. ಮೊಣಕಾಲು ಒಳಗೆ ವಾಲಿದರೆ, ಬೆನ್ನು ಬಿಲ್ಲಿನ ಹಾಗೆ ಬಾಗಿದರೆ ಅದೇ ಭಾರ ಕೀಲಿನ ಮೇಲೆ ಬೀಳುತ್ತದೆ. ಎಷ್ಟು ಬಗ್ಗಿದೆವು ಎನ್ನುವುದಕ್ಕಿಂತ ಹೇಗೆ ಬಗ್ಗಿದೆವು ಎನ್ನುವುದು ದೊಡ್ಡದು.

ಈ ವಿಷಯವನ್ನು ಲೋಕಕ್ಕೆ ತೋರಿಸಿಕೊಟ್ಟವರು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್. ಸಣ್ಣ ಪ್ರಾಯದಲ್ಲಿ ಕ್ಷಯ, ಮಲೇರಿಯಾ, ಟೈಫಾಯ್ಡ್ ಬಂದು ಬಡಕಲಾಗಿದ್ದ ಹುಡುಗ. ಮೈಸೂರಿನಲ್ಲಿ ಅಕ್ಕನ ಗಂಡ ಟಿ. ಕೃಷ್ಣಮಾಚಾರ್ಯರಲ್ಲಿ ಆಸನ ಕಲಿತರು. ಮುಂದೆ ಪುಣೆಯಲ್ಲಿ ಕಲಿಸುವಾಗ ಮರದ ಇಟ್ಟಿಗೆ, ಬೆಲ್ಟು, ಕುರ್ಚಿ, ಹಗ್ಗ, ಮಡಚಿದ ಕಂಬಳಿ ಎಲ್ಲವನ್ನೂ ಆಸರೆಗೆ ಬಳಸಿದರು. ಮೈ ನೆಲಕ್ಕೆ ಮುಟ್ಟದಿದ್ದರೆ ನೆಲವನ್ನೇ ಮೈಯ ಹತ್ತಿರ ತರುವ ಉಪಾಯ ಅದು. 1979ರಲ್ಲಿ ಸ್ಕೂಟರ್ ಅಪಘಾತದಲ್ಲಿ ಅವರಿಗೇ ಪೆಟ್ಟಾಯಿತು. ಅಷ್ಟು ದೊಡ್ಡ ಗುರು, ಅರುವತ್ತರ ಪ್ರಾಯದಲ್ಲಿ ಮತ್ತೆ ಮೊದಲಿನಿಂದ ಅಭ್ಯಾಸ ಕಟ್ಟಿಕೊಂಡರು. ಅವರಿಗೇ ಅದು ಸಣ್ಣ ವಿಷಯ ಅನಿಸಲಿಲ್ಲ ಅಂದರೆ ನಮಗೆ ಯಾಕೆ ನಾಚಿಕೆ?

ಯೋಗ ಅಂದ ಕೂಡಲೇ ನಮ್ಮಲ್ಲಿ ಕೆಲವರಿಗೆ ಸಂಶಯ ಬರುವುದುಂಟು. ಇಲ್ಲಿ ನಾವು ಹೇಳುತ್ತಿರುವುದು ಮೈ ಚಾಚುವ, ಬಗ್ಗಿಸುವ, ಉಸಿರಾಡುವ ವ್ಯಾಯಾಮದ ವಿಷಯ ಮಾತ್ರ. ಮಂತ್ರ, ಶ್ಲೋಕ, ಸೂರ್ಯನಿಗೆ ನಮಸ್ಕಾರ ಇದರಲ್ಲಿ ಇಲ್ಲ. ಆದರೂ ಮನಸ್ಸಿಗೆ ಸಮಾಧಾನ ಇಲ್ಲದವರು ತಮ್ಮ ಜಮಾಅತ್‌ನ ಖತೀಬರಲ್ಲಿ ಕೇಳಿ ಮುಂದುವರಿಯಲಿ.

ಮೊದಲು ಡಾಕ್ಟರಲ್ಲಿ ಕೇಳಬೇಕಾದವರು

ಹೃದಯದ ತೊಂದರೆ ಇರುವವರು, ಬಿಪಿ ಹತೋಟಿಗೆ ಬಾರದವರು, ಡಿಸ್ಕ್ ಜಾರಿದವರು, ಎಲುಬು ಟೊಳ್ಳಾಗಿದೆ ಅಂತ ಗೊತ್ತಾದ ಹಿರಿಯ ಹೆಂಗಸರು, ಇತ್ತೀಚೆಗೆ ಆಪರೇಷನ್ ಆದವರು, ಗರ್ಭಿಣಿಯರು, ಬಾಣಂತಿಯರು ಮೊದಲು ಡಾಕ್ಟರಲ್ಲಿ ಮಾತಾಡಬೇಕು. ಸಿಸೇರಿಯನ್ ಆದವರಿಗಂತೂ ಇದು ಕಡ್ಡಾಯ. ಹೆರಿಗೆಯ ನಂತರ ಹೊಟ್ಟೆಯ ನಡುವಿನ ಸ್ನಾಯು ಎರಡು ಬದಿಗೆ ಬೇರ್ಪಟ್ಟಿರಬಹುದು. ಅದು ಕೂಡಿಕೊಳ್ಳುವ ಮೊದಲು ಹೊಟ್ಟೆಗೆ ಜೋರು ಒತ್ತಡ ಬೀಳುವ ಆಸನ ಮಾಡಬಾರದು. ಕಣ್ಣಿನ ಒತ್ತಡ, ಅಂದರೆ ಗ್ಲಾಕೋಮಾ ಇರುವವರು ತಲೆ ಕೆಳಗಾಗುವ ಯಾವ ಆಸನಕ್ಕೂ ಹೋಗಬಾರದು.

ಶುಗರಿನವರಿಗೆ ಎರಡು ಮಾತು. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಮಾಡಿದರೆ ಶುಗರ್ ತೀರಾ ಇಳಿದು ತಲೆ ಸುತ್ತಬಹುದು, ಹಾಗಾಗಿ ಸಮಯವನ್ನು ಡಾಕ್ಟರಲ್ಲೇ ಕೇಳಿ. ಪಾದ ಜೋಮು ಹಿಡಿಯುವವರು ಮಾಡುವ ಮೊದಲೂ ನಂತರವೂ ಪಾದದ ಅಡಿ ನೋಡಿಕೊಳ್ಳಿ. ಗಾಯ ಆದದ್ದು ಗೊತ್ತೇ ಆಗುವುದಿಲ್ಲ.

ಯಾವಾಗ, ಎಲ್ಲಿ, ಎಷ್ಟು?

ನಮ್ಮಲ್ಲಿ ಹೆಚ್ಚಿನವರಿಗೆ ಸುಬಹಿ ನಮಾಝ್ ಮುಗಿದ ಹೊತ್ತು ಅನುಕೂಲ. ಒಳ್ಳೆಯದೇ. ಆದರೆ ನಿದ್ದೆಯಿಂದ ಎದ್ದ ಹೊಸತರಲ್ಲಿ ಬೆನ್ನೆಲುಬಿನ ನಡುವಿನ ಡಿಸ್ಕ್ ನೀರು ಹೀರಿಕೊಂಡು ಉಬ್ಬಿರುತ್ತದೆ. ಆಗ ಮುಂದಕ್ಕೆ ಜೋರು ಬಗ್ಗಿದರೆ ಅದರ ಮೇಲೆ ಒತ್ತಡ ಜಾಸ್ತಿ. ಅರ್ಧ ಗಂಟೆಯಿಂದ ಒಂದು ಗಂಟೆ ಮನೆಯೊಳಗೆ ಓಡಾಡಿ, ಆಮೇಲೆ ಬಗ್ಗುವ ಆಸನ ಮಾಡಿ. ಊಟ ಆಗಿದ್ದರೆ ಮೂರು ಗಂಟೆಯಾದರೂ ಬಿಡಿ. ಬಿರಿಯಾನಿ ಊಟ ಆಗಿದ್ದರೆ ಆ ದಿನ ನಡಿಗೆ ಮಾತ್ರ ಸಾಕು.

ನಮ್ಮ ಮನೆಗಳ ಟೈಲ್ಸ್ ನೆಲ, ಅದರಲ್ಲೂ ಮಳೆಗಾಲದಲ್ಲಿ, ಜಾರುತ್ತದೆ. ಸಾಕ್ಸ್ ಹಾಕಬೇಡಿ. ಚಾಪೆಯ ಅಡಿ ಒಣಗಿದೆಯೋ ನೋಡಿ. ಹತ್ತಿರ ಒಂದು ಗೋಡೆ, ಅಲ್ಲಾಡದ ಒಂದು ಕುರ್ಚಿ, ಎರಡು ಮಡಚಿದ ಬೆಡ್‌ಶೀಟ್ ಇದ್ದರೆ ಸಾಮಾನು ಪೂರ್ತಿ ಆಯ್ತು. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಅದನ್ನು ಗೋಡೆಗೆ ಒರಗಿಸಿಯೇ ಇಡಿ.

ಮೊದಲ ಎರಡು ವಾರ ದಿನ ಬಿಟ್ಟು ದಿನ, ಹದಿನೈದು ನಿಮಿಷ ಸಾಕು. ಮೂರನೇ ವಾರದಿಂದ ಇಪ್ಪತ್ತು ನಿಮಿಷ. ಒಂದು ತಿಂಗಳು ನೋವಿಲ್ಲದೆ ಕಳೆದರೆ ಮಾತ್ರ ಹೊಸ ಆಸನ ಸೇರಿಸಿ, ಅದೂ ಒಂದೊಂದೇ.

ಮರಳಿ ಬರುವವರಿಗೆ ಆರು ಆಸನ

ತಾಡಾಸನ. ಸುಮ್ಮನೆ ನಿಲ್ಲುವುದು ಅಂತ ಕಾಣುತ್ತದೆ, ಆದರೆ ಎಲ್ಲದಕ್ಕೂ ಅಡಿಪಾಯ ಇದು. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಪಾದಗಳ ನಡುವೆ ಒಂದು ಗೇಣು ಅಂತರ. ಭಾರ ಹಿಮ್ಮಡಿಗೂ ಬೆರಳಿನ ಬುಡಕ್ಕೂ ಸಮ ಬೀಳಲಿ. ಮೊಣಕಾಲನ್ನು ಹಿಂದಕ್ಕೆ ಲಾಕ್ ಮಾಡಬೇಡಿ. ಭುಜ ಕಿವಿಯಿಂದ ದೂರ ಇಳಿಯಲಿ. ಹತ್ತು ಉಸಿರು.

ಮಾರ್ಜಾಲಾಸನ. ಕೈ ಮತ್ತು ಮೊಣಕಾಲು ಊರಿ ಬೆಕ್ಕಿನ ಹಾಗೆ ನಿಲ್ಲುವುದು. ಮಣಿಕಟ್ಟು ಭುಜದ ಕೆಳಗೆ, ಮೊಣಕಾಲು ಸೊಂಟದ ಕೆಳಗೆ. ಉಸಿರು ಬಿಡುತ್ತಾ ಬೆನ್ನು ಮೇಲಕ್ಕೆ, ತೆಗೆದುಕೊಳ್ಳುತ್ತಾ ಮೆಲ್ಲ ಕೆಳಕ್ಕೆ. ಮೊಣಕಾಲಿನ ಅಡಿ ಬೆಡ್‌ಶೀಟ್ ಇಡಿ.

ಗೋಡೆ ಹಿಡಿದು ಅರ್ಧ ಬಗ್ಗುವುದು. ಕೈ ಗೋಡೆಗೆ ಊರಿ ಹಿಂದೆ ನಡೆದು ಸೊಂಟದ ಕೀಲಿನಿಂದ ಬಗ್ಗಿ. ಬೆನ್ನು ಮೇಜಿನ ಹಾಗೆ ಚಪ್ಪಟೆ ಇರಲಿ. ತೊಡೆಯ ಹಿಂಬದಿ ಎಳೆದರೆ ಮೊಣಕಾಲು ಸ್ವಲ್ಪ ಮಡಚಿ, ಬೆನ್ನು ಮಾತ್ರ ಬಾಗಿಸಬೇಡಿ. ಒಂದು ತಿಂಗಳು ಬೆರಳು ಮುಟ್ಟುವ ಆಸೆ ಬಿಡಿ.

ವೀರಭದ್ರಾಸನ. ಇಲ್ಲಿ ನೋಡಬೇಕಾದದ್ದು ಮುಂದಿನ ಮೊಣಕಾಲು. ಅದು ಹಿಮ್ಮಡಿಗೆ ನೇರ ಮೇಲೆ ಇರಬೇಕು, ಎರಡನೇ ಕಾಲ್ಬೆರಳಿನ ಕಡೆ ಮುಖ ಮಾಡಿರಬೇಕು. ಒಳಗೆ ಬಿದ್ದರೆ ಮೊಣಕಾಲಿಗೆ ತಿರುಚು. ಹೆಜ್ಜೆ ಸಣ್ಣದು ಮಾಡಿ, ಕುರ್ಚಿ ಹಿಡಿಯಿರಿ, ಪರವಾಗಿಲ್ಲ.

ಸೇತುಬಂಧಾಸನ. ಅಂಗಾತ ಮಲಗಿ, ಮೊಣಕಾಲು ಮಡಚಿ, ಸೊಂಟ ಎತ್ತುವುದು. ಕೂತು ಕೂತು ಬಲ ಕಳೆದ ಪೃಷ್ಠದ ಸ್ನಾಯುವಿಗೆ ಇದರಷ್ಟು ಸುಲಭದ ಮದ್ದು ಇಲ್ಲ. ಮೊಣಕಾಲುಗಳು ಹೊರಗೆ ಬಿರಿಯದಿರಲಿ. ಸೊಂಟ ಮೇಲಿರುವಾಗ ಕುತ್ತಿಗೆ ಆಚೀಚೆ ತಿರುಗಿಸಬೇಡಿ.

ಶವಾಸನ. ಮೊಣಕಾಲಿನ ಅಡಿ ದಿಂಬು ಇಟ್ಟರೆ ಸೊಂಟಕ್ಕೆ ಹಾಯ್. ಐದು ನಿಮಿಷ. ಏಳುವಾಗ ಒಂದು ಬದಿಗೆ ಹೊರಳಿ, ಕೈ ಊರಿ ಏಳಿ.

ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಮೊದಲ ತಿಂಗಳುಗಳಲ್ಲಿ ಬೇಡವೇ ಬೇಡ. ಕುತ್ತಿಗೆಯ ಮೇಲೆ ಮೈಭಾರ ಹಾಕುವ ಕೆಲಸ ಮೊಬೈಲ್ ನೋಡಿ ಮಾಡುವಂಥದ್ದಲ್ಲ. ಪದ್ಮಾಸನಕ್ಕೂ ಅವಸರ ಬೇಡ. ಅದರಲ್ಲಿ ಕಾಲು ತಿರುಗಬೇಕಾದದ್ದು ಸೊಂಟದ ಕೀಲಿನಲ್ಲಿ. ಅಲ್ಲಿ ಬಿಗಿ ಇದ್ದರೆ ತಿರುಚು ಪೂರ್ತಿ ಮೊಣಕಾಲಿಗೆ ಬಂದು ಒಳಗಿನ ಮೆತ್ತೆ ಹರಿಯಬಹುದು. ಎತ್ತರಕ್ಕೆ ಬೆಡ್‌ಶೀಟ್ ಹಾಕಿ ಸುಖಾಸನದಲ್ಲಿ ಕೂತರೆ ಸಾಕು.

ನೆಲದಲ್ಲಿ ಕೂತು ಏಳುವ ಶಕ್ತಿ

ಇದು ಬರೀ ವ್ಯಾಯಾಮದ ಮಾತಲ್ಲ. ನಮ್ಮ ಬದುಕು ಇನ್ನೂ ನೆಲಕ್ಕೆ ಹತ್ತಿರ ಉಂಟು. ನಮಾಝಿನಲ್ಲಿ ದಿನಕ್ಕೆ ಐದು ಹೊತ್ತು ಬಗ್ಗಿ, ಕೂತು, ಏಳುತ್ತೇವೆ. ಸುಪ್ರ ಹಾಸಿ ನೆಲದಲ್ಲೇ ಊಟ ಮಾಡುವ ಮನೆಗಳಿವೆ. ನಾವು ಮದ್ರಸದವರು ಗಂಟೆಗಟ್ಟಲೆ ಕೂತು ಕಲಿಸುತ್ತೇವೆ. ಆದರೂ ಮಸೀದಿಯಲ್ಲಿ ಕುರ್ಚಿಗಳ ಸಾಲು ನೋಡಿ, ಐವತ್ತರ ಆಸುಪಾಸಿನವರೂ ಅಲ್ಲಿದ್ದಾರೆ. ಕಾಯಿಲೆ ಇರುವವರಿಗೆ ಕೂತು ನಮಾಝ್ ಮಾಡಲು ಅನುಮತಿ ಖಂಡಿತ ಉಂಟು, ಅದರಲ್ಲಿ ಸಂಕೋಚ ಬೇಡ. ಆದರೆ ಇಂದು ಸುಜೂದ್‌ನಿಂದ ಕೈ ಊರದೆ ಏಳಬಲ್ಲವರು ಆ ಶಕ್ತಿಯನ್ನು ಉಳಿಸಿಕೊಳ್ಳಬೇಕು. ದೇಹ ಅಲ್ಲಾಹನ ಅಮಾನತ್ತು, ಅದಕ್ಕೂ ನಮ್ಮ ಮೇಲೆ ಹಕ್ಕುಂಟು ಅಂತ ಮದ್ರಸದ ಮಕ್ಕಳಿಗೂ ನಾವು ಕಲಿಸುತ್ತೇವೆ.

ವಜ್ರಾಸನ ನಮಾಝಿನ ಕೂರುವಿಕೆಗೆ ತುಂಬ ಹತ್ತಿರ. ಮೊಣಕಾಲು ಬಿಗಿ ಇರುವವರು ಮೀನಖಂಡ ಮತ್ತು ತೊಡೆಯ ನಡುವೆ ಮಡಚಿದ ಬಟ್ಟೆ ಇಟ್ಟು ಅರ್ಧ ನಿಮಿಷದಿಂದ ಶುರು ಮಾಡಿ. ಪಾದದ ಮೇಲ್ಭಾಗ ನೋಯುತ್ತಿದ್ದರೆ ಹರಡಿನ ಅಡಿಗೆ ಸುತ್ತಿದ ಟವಲ್ ಇಡಿ. ಕೀಲಿನೊಳಗೆ ಚುಚ್ಚಿದರೆ ಕೂಡಲೇ ಎದ್ದುಬಿಡಿ.

ಯಾವ ನೋವು ಸರಿ, ಯಾವುದು ಅಲ್ಲ?

ಸ್ನಾಯುವಿನ ನಡುವೆ ಎಳೆದ ಹಾಗೆ ಆಗುವುದು ಸರಿ. ಮರುದಿನ ಒಂದೆರಡು ದಿನ ಮೈಕೈ ನೋವೂ ಸಹಜ. ಕೀಲಿನ ಹತ್ತಿರ ಚುಚ್ಚುವುದು, ಸೊಂಟದಿಂದ ಕಾಲಿಗೆ ಇಳಿಯುವ ನೋವು, ಜೋಮು, ಕಾಲಿನಲ್ಲಿ ಬಲ ಇಲ್ಲದಂತಾಗುವುದು ಇವು ಸರಿಯಲ್ಲ. ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಎದೆ ಬಿಗಿತ, ಉಸಿರು ಕಟ್ಟುವುದು, ಕಣ್ಣು ಕತ್ತಲೆ ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಉಸಿರನ್ನೂ ಗಮನಿಸಿ. ಕಷ್ಟಪಟ್ಟು ಉಸಿರು ಹಿಡಿದರೆ ಬಿಪಿ ಥಟ್ಟನೆ ಏರುತ್ತದೆ. ಆಸನದಲ್ಲಿ ಇರುವಾಗ ಸಲೀಸಾಗಿ ಮಾತಾಡಲು ಆಗದಿದ್ದರೆ ಅದು ನಿಮ್ಮ ಇವತ್ತಿನ ಮಿತಿ ಮೀರಿದೆ ಅಂತಲೇ ಅರ್ಥ.

ನಮ್ಮ ಕಣ್ಣಿಗೆ ನಮ್ಮ ಬೆನ್ನು ಕಾಣುವುದಿಲ್ಲ. ಹೆಂಗಸರು ಬಾಗಿಲು ಹಾಕಿ ಒಬ್ಬರೇ ಮಾಡುವಾಗ ತಿದ್ದುವವರು ಯಾರೂ ಇರುವುದಿಲ್ಲ. ಮಗಳಿಗೋ ಸೊಸೆಗೋ ಬದಿಯಲ್ಲಿ ನಿಂತು ನೋಡಲು ಹೇಳಿ: ಬೆನ್ನು ಚಪ್ಪಟೆ ಇದೆಯಾ, ಮೊಣಕಾಲು ಒಳಗೆ ಬಿತ್ತಾ? ಈ ಎರಡು ಪ್ರಶ್ನೆ ಕೇಳಲು ಹತ್ತು ವರ್ಷದ ಹುಡುಗಿಗೂ ಬರುತ್ತದೆ. ಅನುಕೂಲ ಇದ್ದವರು ಒಂದೆರಡು ಸಲ ಫಿಸಿಯೋಥೆರಪಿಸ್ಟ್ ಅಥವಾ ತಿಳಿದ ಶಿಕ್ಷಕಿಯಲ್ಲಿ ತೋರಿಸಿಕೊಂಡರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ಓದಿ ಇವತ್ತೇ ಆರೂ ಆಸನ ಮಾಡಬೇಕಾಗಿಲ್ಲ. ಇವತ್ತು ತಾಡಾಸನ, ಮಾರ್ಜಾಲಾಸನ ಎರಡೇ ಮಾಡಿ. ನಾಳೆ ಮೈ ಏನು ಹೇಳುತ್ತದೆ ಕೇಳಿ. ನಾಡಿದ್ದು ಮೂರನೆಯದನ್ನು ಸೇರಿಸಿದರೆ ಆಯ್ತು.