ಬಯಲಲ್ಲಿ ಬೆಳೆದ ಮಂಜುಗಡ್ಡೆ

ಕೆರೆಕುಂಟೆಗಳು ಎಂದೂ ಹೆಪ್ಪುಗಟ್ಟದ ಊರುಗಳಲ್ಲಿ, ಯಾವ ಯಂತ್ರದ ನೆರವೂ ಇಲ್ಲದೆ, ಒಂದೇ ರಾತ್ರಿಯಲ್ಲಿ ನೀರನ್ನು ಮಂಜುಗಡ್ಡೆ ಮಾಡುವ ಕಸುಬೊಂದು ಉತ್ತರ ಭಾರತದ ಬಯಲಿನಲ್ಲಿತ್ತು. ನೀರು ಘನ, ದ್ರವ, ಅನಿಲಗಳ ನಡುವೆ ಹೇಗೆ ಓಡಾಡುತ್ತದೆ ಎಂಬುದನ್ನು ಇಷ್ಟು ಸೊಗಸಾಗಿ ತೋರಿಸುವ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ. ಬಂಗಾಳದಲ್ಲಿ ಸೇನಾಧಿಕಾರಿಯಾಗಿದ್ದ ಸರ್ ರಾಬರ್ಟ್ ಬಾರ್ಕರ್ ಇದರ ವಿವರವನ್ನು ಬರೆದು ಕಳಿಸಿದ್ದು 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ನಲ್ಲಿ ಅಚ್ಚಾಯಿತು. ಕೆಲವೇ ಪುಟಗಳ ಆ ಬರಹ ಇಂದಿಗೂ ಓದುಗರನ್ನು ಹಿಡಿದು ಕೂರಿಸುತ್ತದೆ.

ಅಲಹಾಬಾದಿನಲ್ಲಿ ಬಾರ್ಕರ್ ಕಂಡದ್ದು ಇದು. ತೆರೆದ ಬಯಲಿನಲ್ಲಿ ಸುಮಾರು 30 ಅಡಿ ಚೌಕದ, 2 ಅಡಿ ಆಳದ ಮೂರು ನಾಲ್ಕು ಗುಂಡಿಗಳು. ಅವುಗಳ ತಳದಲ್ಲಿ ಒಣಗಿದ ಕಬ್ಬಿನ ಜಲ್ಲೆ ಇಲ್ಲವೇ ಜೋಳದ ದಂಟನ್ನು ಮುಕ್ಕಾಲು ಅಡಿ, ಒಂದಡಿ ದಪ್ಪಕ್ಕೆ ಹರಡುತ್ತಿದ್ದರು. ಅದರ ಮೇಲೆ ಸಾಲುಸಾಲಾಗಿ ಮೆರುಗು ಹಾಕದ, ಒಂದೂಕಾಲು ಅಂಗುಲ ಆಳದ ತೆಳು ಮಣ್ಣಿನ ತಟ್ಟೆಗಳು. ಮುಸ್ಸಂಜೆಗೆ ಅವುಗಳಲ್ಲಿ ಕುದಿಸಿ ಆರಿಸಿದ ನೀರು ತುಂಬಿಸಿದರೆ, ಸೂರ್ಯ ಹುಟ್ಟುವ ಮುಂಚೆ ಮಂಜು ಬಿಡಿಸಿಕೊಂಡು ಬುಟ್ಟಿಗೆ ಹಾಕಿಕೊಳ್ಳಬಹುದಿತ್ತು. ಚಳಿಗಾಲದಲ್ಲಿ ಹೀಗೆ ಕೂಡಿಸಿಟ್ಟದ್ದು ಬೇಸಿಗೆಯಿಡೀ ಬಾರ್ಕರನ ಊಟದ ಮೇಜಿಗೆ ಸಾಲುತ್ತಿತ್ತು. ಮಾಡಿಕೊಟ್ಟವನ ಹೆಸರನ್ನು ಮಾತ್ರ ಆತ ಬರೆದಿಲ್ಲ. ನಿಜಕ್ಕೂ ಆ ಜಾಣ್ಮೆಯ ಒಡೆಯ ಅವನೇ.

ನೀರನ್ನು ತಣ್ಣಗಾಗಿಸುವುದು ಬೇರೆ, ಗಟ್ಟಿಯಾಗಿಸುವುದು ಬೇರೆ. ಒಂದು ಗ್ರಾಂ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಿಂದ ಸೊನ್ನೆಗೆ ಇಳಿಸಲು 20 ಕ್ಯಾಲೊರಿ ಶಾಖ ತೆಗೆದರೆ ಸಾಕು. ಸೊನ್ನೆಯಲ್ಲೇ ಇರುವ ಅದೇ ನೀರನ್ನು ಮಂಜು ಮಾಡಲು ಮತ್ತೆ 80 ಕ್ಯಾಲೊರಿ ತೆಗೆಯಬೇಕು, ಅಷ್ಟೂ ಹೊತ್ತು ಉಷ್ಣತಾಮಾಪಕದ ಪಾದರಸ ಅಲುಗುವುದಿಲ್ಲ. ಈ ಗುಪ್ತೋಷ್ಣವನ್ನು 1760ರ ದಶಕದ ಆರಂಭದಲ್ಲಿ ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ ಅಳೆದ. ಅವನ ಸಾಧನ ಎರಡು ಗಾಜಿನ ಬುರುಡೆ, ಒಂದು ಕೋಣೆ ಮತ್ತು ತಾಳ್ಮೆ. ತಣ್ಣೀರಿನ ಬುರುಡೆ ಅರ್ಧ ಗಂಟೆಯಲ್ಲಿ ಮುಟ್ಟಿದ ಉಷ್ಣತೆಗೆ ಮಂಜಿನ ಬುರುಡೆ ಬರಲು ಹತ್ತೂವರೆ ಗಂಟೆ ಹಿಡಿಯಿತು. ಆವಿಯ ಲೆಕ್ಕ ಇನ್ನೂ ದೊಡ್ಡದು: ಸೊನ್ನೆ ಡಿಗ್ರಿಯ ಹತ್ತಿರ ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 600 ಕ್ಯಾಲೊರಿ ಹೊತ್ತೊಯ್ಯುತ್ತದೆ. ಅಂದರೆ ತಟ್ಟೆಯಿಂದ ಒಂದು ಗ್ರಾಂ ಆವಿಯಾಗಿ ಹೋದರೆ, ಉಳಿದ ನೀರಿನಲ್ಲಿ ಏಳು ಗ್ರಾಂ ಹೆಪ್ಪುಗಟ್ಟುವಷ್ಟು ಶಾಖ ಹೊರಬಿತ್ತು.

ಅಲಹಾಬಾದಿನ ತಟ್ಟೆಗಳಿಂದ ಶಾಖ ಹೋಗುತ್ತಿದ್ದುದು ಎಲ್ಲಿಗೆ? ತಟ್ಟೆಯ ಮೈಯಿಂದಲೂ ನೀರು ಆರುವುದರಿಂದ ಹೀಗಾಗುತ್ತದೆಂದು ಬಾರ್ಕರ್ ಊಹಿಸಿದ. ಮಡಕೆಯ ನೀರು ತಣ್ಣಗಿರುವುದೂ ಹಾಗೆಯೇ ತಾನೆ. 1814ರಲ್ಲಿ ಇಬ್ಬನಿಯ ಬಗ್ಗೆ ಪ್ರಬಂಧ ಬರೆದ ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಒಪ್ಪಲಿಲ್ಲ. ನೀರು ಆರುವುದೇ ಕಾರಣವಾಗಿದ್ದರೆ ಗಾಳಿ ಬೀಸಿದಾಗ ಹೆಚ್ಚು ಮಂಜು ಸಿಗಬೇಕಿತ್ತು. ಆಗುತ್ತಿದ್ದುದು ತಿರುಗುಮುರುಗು: ಗಾಳಿಯಾಡದ, ಮೋಡವಿಲ್ಲದ ರಾತ್ರಿಯೇ ಒಳ್ಳೆಯ ಬೆಳೆ ಕೊಡುತ್ತಿತ್ತು. ವೆಲ್ಸ್ ಕೊಟ್ಟ ಉತ್ತರ ವಿಕಿರಣ. ನೀರು ತನ್ನ ಶಾಖವನ್ನು ಅವಗೆಂಪು ಕಿರಣಗಳಾಗಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವೂ ತೇವಾಂಶವೂ ಇದ್ದರೆ ಅದರ ಬಹುಪಾಲು ಮರಳಿ ಬರುತ್ತದೆ, ಒಣ ಶುಭ್ರ ಆಕಾಶದಿಂದ ಮರಳುವುದು ಕಡಿಮೆ. ಚದರ ಮೀಟರಿಗೆ 70 ವ್ಯಾಟ್‌ನಂತೆ ಎಂಟು ಗಂಟೆ ಶಾಖ ಹೋದರೆ, ಸೊನ್ನೆಗೆ ಇಳಿದಿರುವ ನೀರಿನಲ್ಲಿ ಸುಮಾರು 6 ಮಿಲಿಮೀಟರ್ ದಪ್ಪದ ಮಂಜು ಕಟ್ಟಬೇಕು. ಒಣ ದಂಟು ನೆಲದ ಬಿಸಿಯನ್ನು ತಡೆಯುತ್ತದೆ, ಗುಂಡಿಯಲ್ಲಿ ಇಳಿದು ನಿಂತ ತಂಪು ಗಾಳಿ ಕದಲುವುದಿಲ್ಲ. ಹೀಗಾಗಿ ಮೇಲಿನ ಗಾಳಿ ಸೊನ್ನೆಗಿಂತ ಕೆಲವು ಡಿಗ್ರಿ ಬೆಚ್ಚಗಿದ್ದರೂ ತಟ್ಟೆಯ ನೀರು ಗಟ್ಟಿಯಾಗುತ್ತಿತ್ತು. ಇಬ್ಬನಿ ಬಿದ್ದರೆ ಮಾತ್ರ ಕೆಲಸ ಕೆಟ್ಟಂತೆ. ನೀರಾಗುವ ಆವಿ ತಾನು ಹೊತ್ತ 600 ಕ್ಯಾಲೊರಿಯನ್ನು ಅಲ್ಲೇ ಇಳಿಸುತ್ತದೆ, ದಂಟನ್ನೂ ತೋಯಿಸುತ್ತದೆ. ವೆಲ್ಸ್ ಹೇಳಿದ್ದೇ ಮುಖ್ಯ ಕಾರಣ. ಆದರೂ ಒಣ ರಾತ್ರಿಯಲ್ಲಿ ಆವಿಯ ಪಾಲೂ ಇದ್ದೇ ಇರುತ್ತದೆ, ಬಾರ್ಕರನನ್ನು ಪೂರ್ತಿ ತಳ್ಳಿಹಾಕುವುದು ಅನ್ಯಾಯ.

ಕುತೂಹಲ ಕೆರಳಿಸುವುದು ಕುದಿಸಿದ ನೀರಿನ ಸಂಗತಿ. ಕುದಿಸದಿದ್ದರೆ ಆಗದು ಎಂದೇ ಕಸುಬಿನವರು ನಂಬಿದ್ದರು. ಅದು ಸರಿಯೋ ತಪ್ಪೋ ಎಂದು ಬಾರ್ಕರ್ ತೀರ್ಪು ಕೊಡಲಿಲ್ಲ. ಅದೇ 1775ರಲ್ಲಿ ಬ್ಲ್ಯಾಕ್ ಈ ಮಾತನ್ನು ಪರೀಕ್ಷೆಗೆ ಒಡ್ಡಿದ. ಒಂದು ಟೀ ಬಟ್ಟಲಿನಲ್ಲಿ ಕುದಿಸಿ ಆರಿಸಿದ ನೀರು, ಇನ್ನೊಂದರಲ್ಲಿ ಹಸಿ ನೀರು, ಎರಡನ್ನೂ ಕೊರೆಯುವ ಚಳಿಯಲ್ಲಿ ಕಿಟಕಿಯಾಚೆ ಇಟ್ಟ. ಕುದಿಸಿದ್ದು ಮೊದಲು ಹೆಪ್ಪುಗಟ್ಟತೊಡಗಿತು. ಹಸಿ ನೀರು ಘನೀಕರಣ ಬಿಂದುವಿಗಿಂತ ಕೆಳಗೆ ಇಳಿದರೂ ದ್ರವವಾಗಿಯೇ ಉಳಿಯಿತು. ಕಡ್ಡಿಯಿಂದ ಆಗಾಗ ಕಲಕುತ್ತಿದ್ದರೆ ಅದೂ ಹಿಂದೆ ಬೀಳದೆ ಮಂಜಾಯಿತು. ಕುದಿಸಿದ ನೀರು ಗಾಳಿಯನ್ನು ಮತ್ತೆ ಹೀರಿಕೊಳ್ಳುವಾಗ ಒಳಗೇ ಸಣ್ಣ ಕದಡು ಉಂಟಾಗುತ್ತದೆ, ಅದೇ ಹೆಪ್ಪುಗಟ್ಟುವಿಕೆಗೆ ಚಾಲನೆ ಕೊಡುತ್ತದೆ ಎಂಬುದು ಬ್ಲ್ಯಾಕನ ವಿವರಣೆ.

ವಿವರಣೆ ಅಷ್ಟು ಗಟ್ಟಿಯಲ್ಲ, ಆದರೆ ಅವನು ಕಂಡದ್ದು ನಿಜ. ಸೊನ್ನೆ ಡಿಗ್ರಿಗೆ ಬಂದ ಮಾತ್ರಕ್ಕೆ ನೀರಿನ ಅಣುಗಳು ಸ್ಫಟಿಕವಾಗಿ ಜೋಡಣೆಗೊಳ್ಳುವುದಿಲ್ಲ. ಮೊದಲ ಹರಳು ಕಟ್ಟಲು ಧೂಳಿನ ಕಣವೋ ಪಾತ್ರೆಯ ಗೀರೋ ಆಸರೆಯಾಗಬೇಕು. ಅಂಥದ್ದೇನೂ ಇಲ್ಲದ ಮೋಡದ ಹನಿಗಳು ಮೈನಸ್ 38 ಡಿಗ್ರಿಯ ಆಸುಪಾಸಿನವರೆಗೂ ದ್ರವವಾಗಿರುತ್ತವೆ. ಅಲಹಾಬಾದಿನ ಒರಟು ಮಣ್ಣಿನ ತಟ್ಟೆಗಳಲ್ಲಿ ಇಂಥ ಆಸರೆಗೆ ಕೊರತೆ ಇರಲಾರದು. ಹಾಗೆ ನೋಡಿದರೆ ಕುದಿಸುವುದಕ್ಕೆ ಖರ್ಚಾದ ಸೌದೆ ಬಹುಮಟ್ಟಿಗೆ ದಂಡವೇ ಇರಬೇಕು.

ಬಿಡಿಸಿದ ಮಂಜನ್ನು 14-15 ಅಡಿ ಆಳದ, ಒಣಹುಲ್ಲು ಕಂಬಳಿ ಹೊದಿಸಿದ ಹಳ್ಳಕ್ಕೆ ಸುರಿದು ದಿಮ್ಮಿಸಿನಿಂದ ಕುಟ್ಟುತ್ತಿದ್ದರು. ಒದ್ದೆ ಮೈಗಳು ಒತ್ತಿಕೊಂಡಲ್ಲಿ ಮತ್ತೆ ಹೆಪ್ಪುಗಟ್ಟಿ ಎಲ್ಲ ಒಂದೇ ಗಟ್ಟಿಯಾಗುತ್ತಿತ್ತು. ಕರಗುವಿಕೆ ನಡೆಯುವುದು ಹೊರಮೈಯಲ್ಲಿ, ಆದ್ದರಿಂದ ಗಟ್ಟಿ ದೊಡ್ಡದಾದಷ್ಟೂ ಬಾಳಿಕೆ ಹೆಚ್ಚು. 1833ರ ಮೇ ತಿಂಗಳಲ್ಲಿ ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ‘ಟಸ್ಕನಿ’ ಹಡಗಿನಲ್ಲಿ 180 ಟನ್ ಮಂಜನ್ನು ಕಲ್ಕತ್ತೆಗೆ ಕಳಿಸಿದ್ದು ಇದನ್ನು ನಂಬಿಯೇ. ನಾಲ್ಕು ತಿಂಗಳು ಉಷ್ಣವಲಯದ ಕಡಲುಗಳನ್ನು ದಾಟಿದ ಮೇಲೂ ಸುಮಾರು 100 ಟನ್ ಉಳಿದಿತ್ತು. ಟ್ಯೂಡರ್ ಮದ್ರಾಸಿನ ಕಡಲತೀರದಲ್ಲಿ 1842ರ ಹೊತ್ತಿಗೆ ಕಟ್ಟಿಸಿದ ಐಸ್ ಹೌಸ್ ಈಗ ವಿವೇಕಾನಂದರ್ ಇಲ್ಲಂ. ತಟ್ಟೆಯಲ್ಲಿ ಬೆಳೆದ ತೆಳು ಮಂಜು ಸರೋವರದಿಂದ ಕೊಯ್ದ ಆ ಗಟ್ಟಿ ಮಂಜಿನ ಎದುರು ಸೋತಿತು.

ಸರೋವರದ ಮಂಜನ್ನು ಸೋಲಿಸಿದ್ದು ಯಂತ್ರ. ಈಥರ್, ಅಮೋನಿಯದಂಥ ದ್ರವಗಳು ಸುಲಭವಾಗಿ ಆವಿಯಾಗಿ ಸುತ್ತಲಿನ ಶಾಖ ಎಳೆದುಕೊಳ್ಳುತ್ತವೆ. ಆ ಆವಿಯನ್ನು ಒತ್ತಿ ಮತ್ತೆ ದ್ರವವಾಗಿಸಿದರೆ ಎಳೆದುಕೊಂಡ ಶಾಖ ಹೊರಗೆ ಬೀಳುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಭಾರತದ ರೇವುಪಟ್ಟಣಗಳಿಗೆ ಬಂದ ಐಸ್ ಕಾರ್ಖಾನೆಗಳಿಗೂ ಇಂದಿನ ಫ್ರಿಜ್‌ಗಳಿಗೂ ಆಧಾರ ಈ ಆವಿಯ ಲೆಕ್ಕವೇ. ಅವುಗಳಿಗೆ ಶುಭ್ರ ಆಕಾಶವೂ ಬೇಕಿಲ್ಲ, ಚಳಿಗಾಲವೂ ಬೇಕಿಲ್ಲ.