ದಯೆಗೂ ಒಂದು ಕ್ರಮ ಬೇಕು: ಸೇವೆಗೆ ಮುಂದಾಳುಗಳಾದ ಮಹಿಳೆಯರು

(ಸಂತ ವಿನ್ಸೆಂಟ್ ದೆ ಪೌಲರ ಹಬ್ಬ, ಸೆಪ್ಟೆಂಬರ್ 27)



ಪ್ರತಿ ವರ್ಷ ಸೆಪ್ಟೆಂಬರ್ 27ರಂದು ಧರ್ಮಸಭೆಯು ಸಂತ ವಿನ್ಸೆಂಟ್ ದೆ ಪೌಲರ ಹಬ್ಬವನ್ನು ಆಚರಿಸುತ್ತದೆ. ಬಡವರ ಬಂಧುವೆಂದು ನಾವು ಅವರನ್ನು ಸ್ಮರಿಸುತ್ತೇವೆ. ಈ ಹಬ್ಬದ ಆಸುಪಾಸಿನಲ್ಲಿ ಅನೇಕ ಧರ್ಮಕೇಂದ್ರಗಳಲ್ಲಿ ಅಕ್ಕಿ ಬೇಳೆ ಸಂಗ್ರಹಿಸಿ ಬಡ ಕುಟುಂಬಗಳಿಗೆ ಹಂಚುತ್ತಾರೆ, ರೋಗಿಗಳನ್ನು ಕಂಡು ಬರುತ್ತಾರೆ. ಅಕ್ಕಿ ಅಳೆಯುವವರು, ಅಡುಗೆ ಮಾಡುವವರು, ಹಾಸಿಗೆ ಹಿಡಿದವರ ಮನೆಗೆ ಹೋಗುವವರು ಬಹುಪಾಲು ನಮ್ಮ ತಾಯಂದಿರು, ಅಕ್ಕತಂಗಿಯರು. ಆದರೆ ಯಾರಿಗೆ ಎಷ್ಟು ಕೊಡಬೇಕು, ಕೂಡಿದ ಹಣ ಯಾವುದಕ್ಕೆ ಖರ್ಚಾಗಬೇಕು ಎಂದು ತೀರ್ಮಾನಿಸುವ ಸಭೆಯಲ್ಲಿ ಅವರಲ್ಲಿ ಎಷ್ಟು ಮಂದಿ ಕುಳಿತಿರುತ್ತಾರೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಹಬ್ಬದ ಸಂದೇಶವನ್ನು ಧ್ಯಾನಿಸೋಣ.

ಆದಿ ಧರ್ಮಸಭೆಯಲ್ಲಿ

ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ ಜೊಪ್ಪ ಪಟ್ಟಣದ ತಬಿಥಾ ಎಂಬ ಮಹಿಳೆಯ ವೃತ್ತಾಂತವಿದೆ. ಆಕೆ ಸತ್ಕಾರ್ಯಗಳಲ್ಲಿಯೂ ದಾನಧರ್ಮದಲ್ಲಿಯೂ ನಿರತಳಾಗಿದ್ದಳು. ಆಕೆ ತೀರಿಕೊಂಡಾಗ ಊರಿನ ವಿಧವೆಯರು ಸಂತ ಪೇತ್ರರ ಸುತ್ತ ನಿಂತು ಅತ್ತರು. ಆಕೆ ತಮಗೆ ಹೊಲಿದುಕೊಟ್ಟಿದ್ದ ಬಟ್ಟೆಗಳನ್ನು ತೋರಿಸಿದರು. ಆಕೆಯ ಸೇವೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಹೊಸ ಒಡಂಬಡಿಕೆಯ ಮೂಲ ಗ್ರೀಕ್ ಪಾಠದಲ್ಲಿ ‘ಶಿಷ್ಯೆ’ ಎಂಬ ಸ್ತ್ರೀಲಿಂಗದ ಪದ ಒಂದೇ ಒಂದು ಕಡೆ ಬರುತ್ತದೆ. ಅದು ಬಂದಿರುವುದು ಈ ತಬಿಥಾಳ ಹೆಸರಿನ ಜೊತೆಗೆ. ಸಂತ ಲೂಕರು ತಮ್ಮ ಶುಭಸಂದೇಶದ ಎಂಟನೆಯ ಅಧ್ಯಾಯದಲ್ಲಿ ಇನ್ನೂ ಕೆಲವರನ್ನು ಹೆಸರಿಸುತ್ತಾರೆ. ಮಗ್ದಲದ ಮರಿಯ, ಯೊವಾನ್ನ, ಸುಸನ್ನ ಮುಂತಾದವರು ತಮ್ಮ ಸ್ವಂತ ಆಸ್ತಿಯಿಂದ ಯೇಸುಸ್ವಾಮಿಗೂ ಶಿಷ್ಯರಿಗೂ ನೆರವಾಗುತ್ತಿದ್ದರು.

ಒಂದು ಭಾನುವಾರದ ಪ್ರಬೋಧನೆ

1617ರ ಆಗಸ್ಟ್ ತಿಂಗಳು. ವಿನ್ಸೆಂಟರು ಆಗ ಫ್ರಾನ್ಸ್ ದೇಶದ ಶಾಟಿಯೋಂ ಎಂಬ ಊರಿನ ಧರ್ಮಕೇಂದ್ರದ ಗುರುಗಳು. ಭಾನುವಾರದ ಬಲಿಪೂಜೆಗೆ ಸಿದ್ಧರಾಗುತ್ತಿದ್ದಾಗ, ಊರಾಚೆಯ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೋಡುವವರಿಲ್ಲ ಎಂಬ ಸುದ್ದಿ ಬಂತು. ಅವರು ಅದನ್ನೇ ಪ್ರಬೋಧನೆಯಲ್ಲಿ ಹೇಳಿದರು. ಮಧ್ಯಾಹ್ನ ಆ ಮನೆಗೆ ಹೊರಟರೆ ದಾರಿಯುದ್ದಕ್ಕೂ ಆಹಾರ ಕೊಟ್ಟು ಮರಳುತ್ತಿದ್ದ ಮಹಿಳೆಯರೇ ಕಂಡರು! ವಿನ್ಸೆಂಟರಿಗೆ ಸಂತೋಷವಾಯಿತು, ಚಿಂತೆಯೂ ಆಯಿತು. ಈ ದಿನ ಬಂದಷ್ಟೂ ಆಹಾರವನ್ನು ಆ ಮನೆಯವರು ತಿಂದು ಮುಗಿಸಲಾರರು, ಮಿಕ್ಕಿದ್ದು ಹಳಸಿಹೋಗುತ್ತದೆ. ನಾಲ್ಕು ದಿನ ಕಳೆದರೆ ಮತ್ತೆ ಅದೇ ಹಸಿವು. ಜನರಲ್ಲಿ ದಯೆಗೆ ಕೊರತೆ ಇರಲಿಲ್ಲ, ಕ್ರಮಕ್ಕೆ ಕೊರತೆ ಇತ್ತು.

ಕೆಲವೇ ದಿನಗಳಲ್ಲಿ ಅವರು ಆ ಊರಿನ ಮಹಿಳೆಯರ ಒಂದು ಸಂಘ ಕಟ್ಟಿದರು. ಡಿಸೆಂಬರ್ ಹೊತ್ತಿಗೆ ಸಂಘಕ್ಕೆ ನಿಯಮಾವಳಿ ಸಿದ್ಧವಾಯಿತು. ಮುಖ್ಯಸ್ಥೆಯನ್ನು ಸದಸ್ಯೆಯರೇ ಆರಿಸಬೇಕು. ಸರದಿಯ ಮೇಲೆ ಒಬ್ಬೊಬ್ಬರು ಒಂದೊಂದು ದಿನ ಸೇವೆ ಮಾಡಬೇಕು. ಹಣಕಾಸಿಗೆ ಲೆಕ್ಕ ಇರಬೇಕು. ರೋಗಿಗೆ ಊಟ ಬಡಿಸುವ ರೀತಿಯೂ ಅದರಲ್ಲಿತ್ತು. ಮನೆಯಲ್ಲಿ ಜನರಿರುವ ರೋಗಿಯಿಂದ ಆರಂಭಿಸಿ, ಒಂಟಿಯಾಗಿರುವವರ ಬಳಿಗೆ ಕೊನೆಗೆ ಹೋಗಬೇಕು. ಏಕೆ ಗೊತ್ತೇ? ಅವರ ಹತ್ತಿರ ಹೆಚ್ಚು ಹೊತ್ತು ಕುಳಿತಿರಲು ಸಾಧ್ಯವಾಗಲಿ ಎಂದು.

ಇಂಥ ಸಂಘಗಳು ಬೇರೆ ಊರುಗಳಿಗೂ ಹಬ್ಬಿದಾಗ, ಅವು ಸರಿಯಾಗಿ ನಡೆಯುತ್ತಿವೆಯೇ ಎಂದು ನೋಡಿ ತಿದ್ದಲು 1629ರಿಂದ ವಿನ್ಸೆಂಟರು ಕಳುಹಿಸಿದ್ದು ಲೂಯಿಸ್ ದೆ ಮರಿಲ್ಲ್ಯಾಕ್ ಎಂಬ ವಿಧವೆಯನ್ನು. 1633ರಲ್ಲಿ ಇಬ್ಬರೂ ಸೇರಿ ಪರೋಪಕಾರದ ಪುತ್ರಿಯರ ಸಭೆಯನ್ನು ಸ್ಥಾಪಿಸಿದರು. ಕ್ರೈಸ್ತ ಸಮಾಜಸೇವಕರ ಪಾಲಕಿಯೆಂದು 1960ರಲ್ಲಿ ಘೋಷಿತರಾದ ಸಂತ ಲೂಯಿಸ್ ಇವರೇ.

ನಮ್ಮ ಕನ್ನಡ ನಾಡಿನಲ್ಲಿ

ದೂರದ ಫ್ರಾನ್ಸಿನ ಮಾತು ಹಾಗಿರಲಿ, ನಮ್ಮ ನಾಡಿನಲ್ಲಿಯೂ ಉದಾಹರಣೆಗಳಿಗೆ ಬರವಿಲ್ಲ. ಮಂಗಳೂರಿನಲ್ಲಿ 1887ರಲ್ಲಿ ಯೇಸುಸಭೆಯ ಗುರು ಉರ್ಬನ್ ಸ್ಟೈನ್ ಅವರ ಮಾರ್ಗದರ್ಶನದಲ್ಲಿ ಸ್ಥಳೀಯ ಯುವತಿಯರು ಸೇವೆಗೆ ಒಂದುಗೂಡಿದರು; ಅದೇ ಇಂದಿನ ಉರ್ಸುಲೈನ್ ಫ್ರಾನ್ಸಿಸ್ಕನ್ ಭಗಿನಿಯರ ಸಭೆ. 1921ರಲ್ಲಿ ಅಲ್ಲಿಯೇ ನಾಲ್ವರು ಮಹಿಳೆಯರಿಂದ ಬೆಥನಿ ಸಭೆ ಆರಂಭವಾಯಿತು.

ನಮ್ಮ ಧರ್ಮಸಭೆಯ ಹೊರಗಿನ ಒಬ್ಬ ತಾಯಿಯನ್ನೂ ಇಲ್ಲಿ ನೆನೆಯಬೇಕು. 1892ರಲ್ಲಿ ಜನಿಸಿದ ಉಮಾಬಾಯಿ ಕುಂದಾಪುರ ಅವರು 1923ರಲ್ಲಿ ಪತಿಯನ್ನು ಕಳೆದುಕೊಂಡರು. ಮಾವನವರ ಪ್ರೋತ್ಸಾಹದಿಂದ ಹುಬ್ಬಳ್ಳಿಯಲ್ಲಿ ಭಗಿನಿ ಮಂಡಳವನ್ನು ನಡೆಸಿದರು, ಹೆಣ್ಣುಮಕ್ಕಳ ಶಾಲೆಯ ಹೊಣೆ ಹೊತ್ತರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕಾಗಿ ಊರೂರು ತಿರುಗಿ ನೂರಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಒಟ್ಟುಗೂಡಿಸಿದರು. ಆ ಕಾಲದಲ್ಲಿ ಮನೆಯ ಹೊಸ್ತಿಲು ದಾಟಲು ಅಂಜುತ್ತಿದ್ದ ಹೆಂಗಸರು, ವಿಧವೆಯರು ಅವರಲ್ಲಿದ್ದರು. 1932ರಲ್ಲಿ ಉಮಾಬಾಯಿಯವರು ಯರವಡ ಸೆರೆಮನೆ ಸೇರಿದರು. ಮರಳಿದ ಮೇಲೆ, ಜೈಲಿನಿಂದ ಬಿಡುಗಡೆಯಾಗಿ ಊರಿಗೆ ಹೋಗಲು ದಾರಿ ಕಾಣದ ಮಹಿಳೆಯರಿಗೆ ಅವರ ಪುಟ್ಟ ಮನೆಯೇ ಆಶ್ರಯವಾಯಿತು. 1934ರಲ್ಲಿ ಬಿಹಾರದಲ್ಲಿ ಭೂಕಂಪವಾದಾಗ ನಿರಾಶ್ರಿತರ ಶಿಬಿರಗಳಲ್ಲಿ ದುಡಿದರು. 1946ರಲ್ಲಿ ಗಾಂಧೀಜಿಯವರು ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಯನ್ನು ಅವರಿಗೆ ವಹಿಸಿದರು. ಹಳ್ಳಿಯ ಹೆಣ್ಣುಮಕ್ಕಳನ್ನು ಗ್ರಾಮಸೇವಕಿಯರಾಗಿ ತರಬೇತುಗೊಳಿಸುವ ಕೆಲಸ ಅದು. ಹಣ ಸಾಲದಾದಾಗ ಉಮಾಬಾಯಿ ಹುಂಡಿ ಹಿಡಿದು ಮನೆ ಮನೆ ಸುತ್ತಿದರು. ಸ್ವಾತಂತ್ರ್ಯದ ನಂತರ ಪದವಿ, ಪ್ರಶಸ್ತಿಗಳು ಅರಸಿಕೊಂಡು ಬಂದರೂ ಒಲ್ಲೆನೆಂದರು. ಹುಬ್ಬಳ್ಳಿಯ ಚಿಕ್ಕ ಮನೆಯಲ್ಲಿಯೇ ಬಾಳಿ 1992ರಲ್ಲಿ ನಿಧನರಾದರು. ಮನೆಯವರ ಬೆಂಬಲ, ಜನರ ನಂಬಿಕೆ, ಕೈಯಲ್ಲಿ ನಿಜವಾದ ಹೊಣೆ, ಇವು ಮೂರೂ ದೊರೆತಾಗ ಒಬ್ಬ ವಿಧವೆ ಏನೆಲ್ಲ ಮಾಡಬಲ್ಲಳು ಎಂಬುದಕ್ಕೆ ಅವರ ಜೀವನವೇ ಉತ್ತರ.

ನಮ್ಮ ಊರು ಕೇರಿಗಳಿಗೆ ಬಂದರೆ

ಹೆಬ್ಬೆ ಜಲಪಾತದ ಆಸುಪಾಸಿನ ಕಾಫಿ ತೋಟಗಳಿಂದ ತರೀಕೆರೆ, ಅಜ್ಜಂಪುರ, ಕಡೂರಿನ ಬಯಲಿನವರೆಗೆ ನಮ್ಮದು ಮಲೆನಾಡೂ ಬಯಲುಸೀಮೆಯೂ ಕೂಡುವ ಸೀಮೆ. ಒಂದು ಕಡೆ ಮಳೆ ಹಿಡಿದರೆ ಕೂಲಿ ಇಲ್ಲ, ಇನ್ನೊಂದು ಕಡೆ ಮಳೆ ಬಾರದಿದ್ದರೆ ಕೂಲಿ ಇಲ್ಲ. ತೋಟದ ಲೈನಿನಲ್ಲಿ ಯಾರ ಮನೆಯ ಒಲೆ ಉರಿದಿಲ್ಲ, ಯಾವ ಮಗು ಶಾಲೆ ಬಿಟ್ಟಿದೆ ಎಂಬುದು ಮೊದಲು ತಿಳಿಯುವುದು ನೆರೆಮನೆಯ ಹೆಂಗಸಿಗೆ. ಗಂಡನ ಕುಡಿತದಿಂದ ನೊಂದವಳು ತನ್ನ ಕಷ್ಟವನ್ನು ಗಂಡಸರೇ ತುಂಬಿದ ಸಮಿತಿಯ ಮುಂದೆ ಬಂದು ಹೇಳುವಳೇ? ಇನ್ನೊಬ್ಬ ಹೆಂಗಸಿನ ಮುಂದಾದರೆ ಹೇಳಿಯಾಳು. ಆದ್ದರಿಂದ ಮಹಿಳೆಯರಿಗೆ ಸೇವೆಯ ಮುಂದಾಳತ್ವ ಕೊಡುವುದು ಅವರಿಗೆ ಮಾಡುವ ಉಪಕಾರವಲ್ಲ. ಅವರಿಲ್ಲದೆ ನೆರವು ತಲುಪಬೇಕಾದ ಬಾಗಿಲಿಗೆ ತಲುಪುವುದೇ ಇಲ್ಲ.

ಇದಕ್ಕೆ ಬೇಕಾದ ಅನುಭವ ನಮ್ಮ ತಾಯಂದಿರಿಗೆ ಈಗಾಗಲೇ ಇದೆ. 2000-01ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಸ್ತ್ರೀಶಕ್ತಿ ಯೋಜನೆಯಲ್ಲಿ ಹದಿನೈದು ಇಪ್ಪತ್ತು ಮಂದಿಯ ಸಂಘಗಳು ಹಳ್ಳಿ ಹಳ್ಳಿಗಳಲ್ಲಿ ಹುಟ್ಟಿದವು. ವಾರದ ಉಳಿತಾಯ, ನಡವಳಿ ಪುಸ್ತಕ, ಬ್ಯಾಂಕಿನ ವ್ಯವಹಾರ ಎಲ್ಲವನ್ನೂ ಹೆಂಗಸರು ಅಲ್ಲಿ ಕಲಿತರು. ಹೀಗೆ ಸಂಘದ ಪುಸ್ತಕ ಬರೆಯಬಲ್ಲವಳು ಧರ್ಮಕೇಂದ್ರದ ಬಡವರ ನಿಧಿಯ ಲೆಕ್ಕವನ್ನು ಬರೆಯಲಾರಳೇ?

ಹಾಗಾದರೆ ಈ ಹಬ್ಬಕ್ಕೆ ನಾವೇನು ಮಾಡಬಹುದು? ಬಡವರ ನೆರವಿಗಾಗಿ ಇರುವ ಸಮಿತಿಯಲ್ಲಿ ಮಹಿಳೆಯರಿಗೆ ಹೆಸರಿಗೆ ಮಾತ್ರವಲ್ಲ, ತೀರ್ಮಾನದಲ್ಲಿಯೂ ಪಾಲಿರಲಿ. ಜಮಾ ಖರ್ಚನ್ನು ಎಲ್ಲರೆದುರು ಓದಲಿ. ಆದರೆ ನೆರವು ಪಡೆದವರ ಹೆಸರು ಗುಟ್ಟಾಗಿರಲಿ. ಹೊಣೆ ಒಂದೇ ಮನೆತನದಲ್ಲಿ ನಿಲ್ಲದೆ ಸರದಿಯಂತೆ ಸಾಗಲಿ. ತೋಟದ ಲೈನಿನ ಕೂಲಿಯ ತಾಯಿ ಅಕ್ಕಿಯ ಚೀಲಕ್ಕೆ ಕೈಚಾಚುವವಳಾಗಿ ಮಾತ್ರ ಉಳಿಯದೆ ಸದಸ್ಯೆಯಾಗಿ ಪಕ್ಕದಲ್ಲಿ ಕುಳಿತುಕೊಳ್ಳಲಿ. ಇನ್ನು ಗಂಡಂದಿರಿಗೆ, ಗಂಡುಮಕ್ಕಳಿಗೆ ಒಂದು ಮಾತು: ಸಂಘದ ಸಭೆಯ ದಿನ ಮನೆಯ ಅಡುಗೆ, ಮಕ್ಕಳ ಊಟ ನಿಮ್ಮ ಪಾಲಿಗಿರಲಿ. ಅದೂ ಬಡವರ ಸೇವೆಯೇ.

ಒಂಟಿಯಾಗಿರುವವರ ಬಳಿ ಹೆಚ್ಚು ಹೊತ್ತು ಕುಳಿತುಕೊಳ್ಳಿರೆಂದು ಸಂತ ವಿನ್ಸೆಂಟರು ಶಾಟಿಯೋಂನ ಮಹಿಳೆಯರಿಗೆ ಕಲಿಸಿದರು. ನಮ್ಮ ಧರ್ಮಕೇಂದ್ರಗಳಲ್ಲಿಯೂ ಅಂಥ ಒಂಟಿ ಮನೆಗಳಿವೆ. ಅಲ್ಲಿಗೆ ದಾರಿ ಬಲ್ಲ ನಮ್ಮ ತಾಯಂದಿರನ್ನು ಪ್ರಭು ಯೇಸು ಆಶೀರ್ವದಿಸಲಿ. ಅವರನ್ನು ನಂಬಿ ಹೊಣೆ ಒಪ್ಪಿಸುವ ಮನಸ್ಸನ್ನು ನಮ್ಮೆಲ್ಲರಿಗೂ ದಯಪಾಲಿಸಲಿ.