ಅಟ್ಟದ ಶಾಖಕ್ಕೊಂದು ಲೆಕ್ಕ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಹೆಂಚಿನ ಮಾಡಿನ ಕೆಳಗೆ ಅಟ್ಟ, ಅಟ್ಟದ ಕೆಳಗೆ ಹಲಗೆಯ ಮುಚ್ಚಿಗೆ ಇರುವುದನ್ನು ವರ್ತಕ ಬಾಂಧವರೆಲ್ಲ ಬಲ್ಲರು. ಹಲಗೆಯ ಮೇಲಿನ ಮಣ್ಣು ಹಾಗೂ ಹೆಂಚಿನ ಸಂದಿಯಲ್ಲಿ ಆಡುವ ಗಾಳಿ ಬಿಸಿಲಿನ ಶಾಖವನ್ನು ಕೋಣೆಗೆ ಇಳಿಯಗೊಡುತ್ತಿರಲಿಲ್ಲ. ದುರಸ್ತಿಯ ಖರ್ಚಿಗೆ ಅಂಜಿ ನಾನೂ ನಮ್ಮ ಮನೆಯ ಒಂದು ಪಾರ್ಶ್ವದ ಮುಚ್ಚಿಗೆಯನ್ನು ತೆಗೆಸಿ ತಗಡು ಹೊದೆಸಿದೆ. ಮರುಬೇಸಿಗೆಯಲ್ಲಿಯೇ ಆ ಕೋಣೆಗೆ ಎ.ಸಿ. ಕೊಳ್ಳಬೇಕಾಯಿತು. ಉಳಿಸಿದೆನೆಂದು ಭಾವಿಸಿದ ಹಣ ವಿದ್ಯುತ್ ಬಿಲ್ಲಿನಲ್ಲಿ ಹೊರಟುಹೋಯಿತು.

ವಸ್ತುವಿನ ಆಯ್ಕೆ

50 ಮಿ.ಮೀ. ಗ್ಲಾಸ್‌ವೂಲ್ ತಡೆಯುವಷ್ಟು ಶಾಖವನ್ನು ತಡೆಯಲು ಕಾಂಕ್ರೀಟು ಸುಮಾರು 2 ಮೀಟರ್ ದಪ್ಪವಿರಬೇಕಾಗುತ್ತದೆ. ಆದರೆ ಗ್ಲಾಸ್‌ವೂಲ್ ನೆನೆದರೆ ಆ ಗುಣ ಉಳಿಯದು. ಥರ್ಮೋಕೋಲ್ ತೇವವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಬೆಂಕಿಗೂ ಇಲಿಗೂ ಸುಲಭವಾಗಿ ತುತ್ತಾಗುತ್ತದೆ. ಅಲ್ಯೂಮಿನಿಯಂ ಫಾಯಿಲ್ ಹಾಳೆಯ ಹೊಳೆಯುವ ಮುಖ ಕೆಳಕ್ಕಿದ್ದು, ಅದರ ಕೆಳಗೆ ಕನಿಷ್ಠ 25 ಮಿ.ಮೀ. ತೆರವು ಇದ್ದರೆ ಮಾತ್ರ ಫಲ ಕೊಡುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಪ್ರಕಟಿಸಿದ ಇಕೋ ನಿವಾಸ ಸಂಹಿತೆಯು ವಾಸದ ಕಟ್ಟಡಗಳ ಛಾವಣಿಯ ಯು-ಮೌಲ್ಯ, ಅಂದರೆ ಶಾಖವನ್ನು ಒಳಬಿಡುವ ಪ್ರಮಾಣ, 1.2ನ್ನು ಮೀರಬಾರದೆಂದು ಹೇಳುತ್ತದೆ. ಮಾರಾಟಗಾರರಿಂದ ಈ ಅಂಕಿಯನ್ನು ಬರಹದಲ್ಲಿ ಪಡೆಯುವುದು ಲೇಸು.

ಅಳವಡಿಕೆಯ ಕ್ರಮ

1. ಅಡಿಕೆ ಕೊಯ್ಲು ಮುಗಿದ ಮೇಲೆ, ಮಳೆಗಾಲಕ್ಕೆ ಮುನ್ನ ಕೆಲಸ ಮುಗಿಸಬೇಕು.
2. ಮೊದಲು ಸೋರಿಕೆ ನಿಲ್ಲಿಸಿ, ಗೆದ್ದಲು ಹಿಡಿದ ಪಕಾಸಿಗಳನ್ನು ಬದಲಿಸಬೇಕು.
3. ಹಳೆಯ ವೈರಿಂಗ್ ಅನ್ನು ಪೈಪಿನೊಳಗೆ ಸಾಗಿಸಬೇಕು.
4. ಹೆಂಚಿಗೂ ನಿರೋಧಕಕ್ಕೂ ನಡುವೆ ಗಾಳಿಯಾಡಲು ಎಡೆ ಬಿಡಬೇಕು. ಇಲ್ಲವಾದರೆ ನಮ್ಮ ಮಳೆಗೆ ಬೂಷ್ಟು ಹಿಡಿಯುವುದು.

ಲಾಭ-ನಷ್ಟ

ಉದಾಹರಣೆಗಾಗಿ, ವೆಚ್ಚ 18,000 ರೂ., ಎ.ಸಿ. ಇರುವ ಮನೆಯಲ್ಲಿ ಬೇಸಿಗೆಯ 3 ತಿಂಗಳು ತಲಾ 40 ಯೂನಿಟ್ ಉಳಿತಾಯ, ಯೂನಿಟ್ಟಿಗೆ 6 ರೂ. ಎಂದಿಟ್ಟುಕೊಳ್ಳೋಣ. ವಾರ್ಷಿಕ ಉಳಿತಾಯ 720 ರೂ. ಮಾತ್ರ, ಬಂಡವಾಳ ಹಿಂತಿರುಗಲು 25 ವರ್ಷ ಬೇಕು.

ಆದರೆ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಬಳಕೆ 200 ಯೂನಿಟ್ ಮೀರಿದರೆ ಆ ತಿಂಗಳ ಪೂರ್ಣ ಬಿಲ್ ಕಟ್ಟಬೇಕು. ಪೂರ್ಣ 200 ಯೂನಿಟ್ಟಿನ ಅರ್ಹತೆಯುಳ್ಳ ಮನೆಯೊಂದರ ಬಳಕೆ 230ರಿಂದ 190ಕ್ಕೆ ಇಳಿದರೆ, ನಿಗದಿತ ಶುಲ್ಕವನ್ನು ಬಿಟ್ಟರೂ ತಿಂಗಳಿಗೆ 1,380 ರೂ., ಮೂರು ತಿಂಗಳಿಗೆ 4,140 ರೂ. ಉಳಿಯುತ್ತದೆ. ಅದೇ ಬಂಡವಾಳ ನಾಲ್ಕೂವರೆ ವರ್ಷದೊಳಗೆ ಮರಳುತ್ತದೆ. ಅರ್ಹತೆ ಕಡಿಮೆಯಿರುವವರಿಗೆ ಲಾಭವೂ ಕಡಿಮೆ. ಕೇವಲ ಫ್ಯಾನ್ ಇರುವ ಮನೆಯಲ್ಲಿ ಸಿಗುವುದು ಹಣವಲ್ಲ, ಸುಖನಿದ್ರೆ, ಎ.ಸಿ. ಕೊಳ್ಳುವ ಪ್ರಸಂಗವೇ ತಪ್ಪಿದರೆ ಅದೂ ಲಾಭವೇ ಸರಿ.

ಅಂಗಡಿ, ಗೋದಾಮುಗಳಿಗೆ ಗೃಹಜ್ಯೋತಿ ಅನ್ವಯಿಸದು. ಅಲ್ಲಿ ಈ ವೆಚ್ಚವನ್ನು ಕಟ್ಟಡದ ಮೌಲ್ಯಕ್ಕೆ ಸೇರಿಸಿ ಬಂಡವಾಳೀಕರಿಸಿದರೆ ಜಿ.ಎಸ್.ಟಿ. ಇನ್‌ಪುಟ್ ಕ್ರೆಡಿಟ್ ದೊರೆಯದೆಂಬುದನ್ನೂ ಗಮನಿಸಬೇಕು.

ಆದುದರಿಂದ ಸದಸ್ಯ ಬಾಂಧವರು ಮೊದಲು ಕಳೆದ 12 ತಿಂಗಳ ವಿದ್ಯುತ್ ಬಿಲ್ಲುಗಳನ್ನು ಮುಂದಿಟ್ಟುಕೊಂಡು, ಬೇಸಿಗೆಯ ಹೆಚ್ಚುವರಿ ಯೂನಿಟ್ಟುಗಳನ್ನು ಗುರುತಿಸಲಿ. ಹಿರಿಯರ ಮುಚ್ಚಿಗೆ ಇನ್ನೂ ಗಟ್ಟಿಯಾಗಿದ್ದರೆ ಅದನ್ನು ಕೀಳಿಸುವ ಮುನ್ನ ಮತ್ತೊಮ್ಮೆ ಲೆಕ್ಕ ಹಾಕಲಿ. ನಾನು ಆ ಲೆಕ್ಕವನ್ನು ತಡವಾಗಿ ಹಾಕಿದೆ.